ಹಬೆಯ ಬಟ್ಟಲು ಯಾವುದರದ್ದು?

ಮೊದಲು ಸುಂಯ್ ಎಂದು ಸಣ್ಣ ಸದ್ದು, ಪಕ್ಕದ ಫ್ಲ್ಯಾಟಿನಲ್ಲಿ ಯಾರೋ ಕುಕ್ಕರ್ ಇಟ್ಟ ಹಾಗೆ. ಸ್ವಲ್ಪ ಹೊತ್ತಿಗೆ ಒಳಗೆ ಗುಳುಗುಳು. ಆಮೇಲೆ ಬಿಳಿ ಪ್ಲಾಸ್ಟಿಕ್ ಮುಚ್ಚಳ ತನ್ನಷ್ಟಕ್ಕೆ ತಾನು ಟಕಟಕ ಎಂದು ನಡುಗತೊಡಗುತ್ತಿತ್ತು. ಆ ಟಕಟಕ ಕೇಳಿದರೆ ಸಾಕು, ಹಬೆ ಮೂಗಿಗೆ ತಾಗುವ ಮೊದಲೇ ನನ್ನ ಎದೆ ಅರ್ಧ ಹಗುರಾಗುತ್ತಿತ್ತು. ಈಗ ಯಾರ ಮನೆಯಲ್ಲಾದರೂ ಇಡ್ಲಿ ಪಾತ್ರೆಯ ಮುಚ್ಚಳ ಹಾಗೆ ಅಲುಗಿದರೆ ನಾನು ಎದ್ದು ಹಾಲಿಗೆ ಹೋಗಿ ಕೂರುತ್ತೇನೆ. ಆಂಟಿಗೆ ಸೆಖೆ ಆಗ್ತಿರಬೇಕು ಎಂದುಕೊಂಡು ಫ್ಯಾನ್ ಹಾಕುತ್ತಾರೆ.

ನನ್ನ ವಯಸ್ಸು ಎಪ್ಪತ್ತು ದಾಟಿದೆ. ನೈರೋಬಿಯ ಹೈರಿಡ್ಜ್‌ನಲ್ಲಿ ಮಗಳು ವೀಣಾ, ಮೊಮ್ಮಗಳು ತಾರಾ ಜೊತೆ ಇದ್ದೇನೆ. ಅಳಿಯನ ಕೆಲಸ ಮೊಂಬಾಸಾದಲ್ಲಿ, ವಾರಾಂತ್ಯಕ್ಕೆ ಬಂದು ಹೋಗುತ್ತಾನೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ನೇರ ಇಲ್ಲಿಗೆ ಬಂದವಳು ನಾನು. ನಮ್ಮ ಯಜಮಾನರು ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧ ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ನೋಡಿಕೊಳ್ಳುತ್ತಿದ್ದರು. ಮನೆಗೆ ಹೊಸ ಬಾಣಲೆ ಬಂದರೂ ತಿರುಗಿಸಿ, ತಳ ನೋಡಿ, ಮೂಸಿ, ಆಮೇಲೆ ಒಲೆಗೆ ಬಿಡುವ ಮನುಷ್ಯ. ಅವರು ಹೋಗಿ ಕೆಲವು ವರ್ಷಗಳಾದವು. ಅವರಿದ್ದಿದ್ದರೆ ಈ ಬರಹದ ಅಗತ್ಯವೇ ಬರುತ್ತಿರಲಿಲ್ಲವೇನೋ.

ಕೆಮ್ಮುತ್ತಾ ಕೂತವರಿಗೆ, ಜೊತೆಗೆ ಏನೋ ಸರಿಯಿಲ್ಲ ಎಂದು ಅನುಮಾನಪಡುತ್ತಾ ಕೂತವರಿಗೆ ಇದನ್ನು ಬರೆಯುತ್ತಿದ್ದೇನೆ. ಕೆಮ್ಮಿಗೆ ಔಷಧ ಕೊಡುವವರು ಸಿಗುತ್ತಾರೆ. ಅನುಮಾನಕ್ಕೆ ಮಾತ್ರ ಎಲ್ಲರೂ ನಗುತ್ತಾರೆ.

ಹಬೆ ತೆಗೆದುಕೊಳ್ಳುವ ಆ ಬಿಳಿ ಡಬ್ಬಿ, ಆ ವೇಪರೈಸರ್, ನಮ್ಮ ಮನೆಗೆ ಬಂದದ್ದು ಪ್ರಕಾಶನ ಗೃಹಪ್ರವೇಶದಲ್ಲಿ. ಪ್ರಕಾಶ ತುಮಕೂರಿನ ಕಡೆಯವನು. ಮೀಸೆ ಸರಿಯಾಗಿ ಮೂಡದ ವಯಸ್ಸಿನಲ್ಲಿ ನಮ್ಮವರ ಕೈಕೆಳಗೆ ಕೆಲಸಕ್ಕೆ ಸೇರಿದ್ದ. ಸೌತ್ ಬಿ ಬಡಾವಣೆಯಲ್ಲಿ ಒಂದು ರೂಮು ಮಾಡಿಕೊಂಡು, ಪ್ರತಿ ಭಾನುವಾರ ಮಟಾಟು ಎಂಬ ಇಲ್ಲಿನ ಮಿನಿಬಸ್ಸು ಹತ್ತಿ ನಮ್ಮ ಮನೆಗೆ ಸಾರು ಅನ್ನಕ್ಕೆ ಬರುತ್ತಿದ್ದ. ನನ್ನನ್ನು ಅಕ್ಕ ಎನ್ನುತ್ತಿದ್ದ, ಅವರನ್ನು ಮಾತ್ರ ಕೊನೆಯವರೆಗೂ ಸರ್. ಆಮೇಲೆ ಸ್ವಂತ ಕಾರ್ಖಾನೆ ಹಾಕಿದ, ಮಿಕ್ಸಿ, ನೀರು ಕಾಯಿಸುವ ಕಾಯಿಲ್, ಅಂಥವು. ಎಲ್ಲರೂ ಮಾಸ್ಕ್ ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಹಬೆಯ ಯಂತ್ರ ಮಾಡಲು ಶುರುಮಾಡಿದ. ಅದು ಅವನನ್ನು ಸಿರಿವಂತರ ಮುಥೈಗಾದ ಬಂಗಲೆಗೆ ತಲುಪಿಸಿತು. ಗೃಹಪ್ರವೇಶದ ದಿನ ಅವನ ಹೆಂಡತಿ ಸುಮಾ ಬಂದ ಪ್ರತಿ ಹೆಂಗಸಿಗೂ ಅರಿಶಿನ ಕುಂಕುಮ, ತೆಂಗಿನಕಾಯಿ, ರವಿಕೆ ಕಣದ ಜೊತೆ ಒಂದೊಂದು ವೇಪರೈಸರ್ ಕೊಟ್ಟಳು. ನನ್ನ ಕುಂಕುಮದ ವಿಷಯದಲ್ಲಿ ಒಂದು ಕ್ಷಣ ತಡವರಿಸಿದವಳು, ಆಮೇಲೆ "ನೀವು ನಮಗೆ ತಾಯಿ ಇದ್ದ ಹಾಗೆ" ಎಂದು ನನಗೂ ಇಟ್ಟಳು. ನನ್ನ ಕಣ್ಣು ತುಂಬಿತ್ತು. ಅಂಥ ವಸ್ತುವಿನ ತಳ ತಿರುಗಿಸಿ ನೋಡುವವರು ಯಾರು?

ನೈರೋಬಿಯಲ್ಲಿ ಜುಲೈ ಎಂದರೆ ಚಳಿ. ನನಗೆ ಚಿಕ್ಕಂದಿನಿಂದ ಸ್ವಲ್ಪ ವೀಝಿಂಗ್. ಬೆಳಿಗ್ಗೆ ಸಂಜೆ ಆ ಬಿಳಿ ಡಬ್ಬಿಗೆ ನೀರು ಹಾಕಿ, ಎರಡು ತುಳಸಿ ಎಲೆ ಬಿಟ್ಟು, ತಲೆಯ ಮೇಲೆ ಟವೆಲ್ ಹೊದ್ದು ಕೂರುತ್ತಿದ್ದೆ. ಟವೆಲಿನ ಒಳಗಿನ ಆ ಕತ್ತಲೆ ನನಗೆ ಇಷ್ಟವಾಗಿತ್ತು. ಯಜಮಾನರ ಜೊತೆ ಮಾತಾಡುವುದೂ ಅಲ್ಲೇ. ಒಮ್ಮೆ ವೀಣಾ ಟವೆಲ್ ಎತ್ತಿ, "ಯಾರ ಜೊತೆಗೆ ಕಾನ್ಫರೆನ್ಸ್ ಕಾಲ್?" ಎಂದು ಕೇಳಿದ್ದಳು.

ಮುಂದಿನ ವರ್ಷದ ಚಳಿಯ ಹೊತ್ತಿಗೆ ಒಣಕೆಮ್ಮು ಶುರುವಾಯಿತು. ಕಫ ಇಲ್ಲ, ಜ್ವರ ಇಲ್ಲ, ಬರೀ ಕೆಮ್ಮು. ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಕೆಳಗಿನ ಮನೆಯವರ ಹೂವಿನ ಕುಂಡ ನೋಡುವ ನಾಟಕ ಮಾಡಬೇಕಾಯಿತು. ರವಿಕೆಗಳು ಸಡಿಲವಾದವು. ಕೆಮ್ಮು ಹೆಚ್ಚಾದಷ್ಟೂ ಹಬೆ ಹೆಚ್ಚು ತೆಗೆದುಕೊಂಡೆ, ಇನ್ನೇನು ಮಾಡಲಿ. ಬಾಯಲ್ಲಿ ಒಂದು ಕಹಿ ಉಳಿಯುತ್ತಿತ್ತು, ಹೊಸ ನಾನ್‌ಸ್ಟಿಕ್ ತವಾ ಖಾಲಿ ಕಾಯಿಸಿದಾಗ ಗಂಟಲಿಗೆ ತಾಗುವಂಥದ್ದು. ತುಳಸಿ ಬಲಿತಿರಬೇಕು ಎಂದುಕೊಂಡು ಗಿಡ ಬದಲಾಯಿಸಿದೆ. ಕಹಿ ಬದಲಾಗಲಿಲ್ಲ.

ಮೊದಲ ಡಾಕ್ಟರು ಸಿರಪ್ ಕೊಟ್ಟರು. ಎರಡನೆಯವರು ಇನ್ಹೇಲರ್ ಬದಲಾಯಿಸಿದರು. ಮೂರನೆಯವರು ಚೆಸ್ಟ್ ಕ್ಲಿನಿಕ್ಕಿಗೆ ಬರೆದುಕೊಟ್ಟರು.

ಚೆಸ್ಟ್ ಕ್ಲಿನಿಕ್ಕಿನ ಕಾಯುವ ಕೋಣೆಯನ್ನು ನಾನು ಮರೆಯುವುದಿಲ್ಲ. ಎಲ್ಲರೂ ಕೆಮ್ಮುವವರೇ, ಎಲ್ಲರಿಗೂ ಎಲ್ಲರ ಮೇಲೂ ಗುಮಾನಿ. ಒಬ್ಬರು ಕೆಮ್ಮಿದರೆ ಪಕ್ಕದವರು ಮೆಲ್ಲಗೆ ಒಂದು ಕುರ್ಚಿ ಆಚೆ ಸರಿಯುವುದು, ಆಮೇಲೆ ತಾವೇ ಕೆಮ್ಮಿ ನಾಚಿಕೊಳ್ಳುವುದು. ನನ್ನ ಪಕ್ಕದಲ್ಲಿ ಕಿಸುಮು ಕಡೆಯ ಒಬ್ಬಳು ದಪ್ಪ ಹೆಂಗಸು ಕೂತಿದ್ದಳು. ಅವಳು ಸರಿಯಲಿಲ್ಲ. ಕೈಚೀಲದಿಂದ ಪೆಪ್ಪರ್‌ಮಿಂಟ್ ತೆಗೆದು ನನಗೊಂದು ಕೊಟ್ಟು, "ಪೋಲೆ, ಮಾಮಾ" ಎಂದಳು. ಅಯ್ಯೋ ಪಾಪ, ತಾಯಿ ಎನ್ನಲು ಇಲ್ಲಿನವರ ಮಾತು ಅದು. ನಾನು ಅವರದೇ ಮಾತಿನಲ್ಲಿ ಥ್ಯಾಂಕ್ಸ್ ಹೇಳಿ, ಅಸಾಂಟೆ ಎಂದೆ. ಆ ಕೋಣೆಯಲ್ಲಿ ಅಷ್ಟು ಸಾಕಾಗಿತ್ತು.

ಸ್ಕ್ಯಾನ್ ನೋಡಿದ ಡಾಕ್ಟರ್ ವಾಂಜಿರು ಮಾಸ್ಕನ್ನು ಕತ್ತಿಗೆ ಇಳಿಸಿ, ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಬಂದು ಕೂತಳು. ಕ್ಯಾನ್ಸರ್ ಎಂದು ನನಗೆ ಆಗಲೇ ಖಾತ್ರಿಯಾಗಿಬಿಟ್ಟಿತು. ಒಳ್ಳೆಯ ಸುದ್ದಿ ಹೇಳುವವರು ಕುರ್ಚಿ ಎಳೆಯುವುದಿಲ್ಲ. ವೀಣಾಳ ಕೈ ನನ್ನ ಮಂಡಿಯ ಮೇಲೆ ಬಂತು, ಐಸಿನ ಹಾಗಿತ್ತು. ಅದು ಕ್ಯಾನ್ಸರ್ ಅಲ್ಲ ಎಂದಳು ಡಾಕ್ಟರ್. ಶ್ವಾಸಕೋಶ ಯಾವುದೋ ವಸ್ತುವಿನ ಮೇಲೆ ಸಿಟ್ಟಾಗಿದೆ, ನೀವು ಉಸಿರಾಡುತ್ತಿರುವ ಯಾವುದೋ ವಸ್ತುವಿನ ಮೇಲೆ ಎಂದಳು. ಕಾಯಿಲೆಗೆ ರೈಲಿನಷ್ಟು ಉದ್ದದ ಹೆಸರಿತ್ತು. ಹಾಗೇ ಬಿಟ್ಟರೆ ಸಿಟ್ಟು ಗಾಯವಾಗಿ ಒಣಗುತ್ತದೆ, ಒಣಗಿದ ಭಾಗ ಮತ್ತೆ ಉಸಿರಾಡುವುದಿಲ್ಲ ಎಂದಳು.

ಆಮೇಲೆ ವಿಚಾರಣೆ. ಬಾಲ್ಕನಿಯಲ್ಲಿ ಪಾರಿವಾಳ ಇವೆಯೇ? ಇವೆ. ಗೋಡೆಯಲ್ಲಿ ಬೂಷ್ಟು? ಬಾತ್‌ರೂಮಿನಲ್ಲಿ ಸ್ವಲ್ಪ. ಧೂಪ? ದಿನಾ ಊದುಬತ್ತಿ, ಶುಕ್ರವಾರ ಸಾಂಬ್ರಾಣಿ. ಬೇರೆ? ನಾನು ಹೆಮ್ಮೆಯಿಂದ ಹೇಳಿದೆ: "ಬಟ್ ಐ ಟೇಕ್ ಸ್ಟೀಮ್ ಎವ್ರಿ ಡೇ, ಡಾಕ್ಟರ್." ಅವಳ ಪೆನ್ನು ನಿಂತಿತು. "ಯಾವುದರಿಂದ?"

ಎಲ್ಲವನ್ನೂ ನಿಲ್ಲಿಸಲು ಹೇಳಿದಳು. ಆ ಯಂತ್ರದ ಒಳಭಾಗ ಯಾವುದರಿಂದ ಮಾಡಿದ್ದು, ಏನಾದರೂ ಲೇಪ ಇದೆಯೇ ಎಂದು ಮಾಡಿದವರನ್ನು ಕೇಳಿ ತಿಳಿಸಿ ಎಂದಳು. ನಾನು ಎದ್ದಾಗ ಅವಳು ಹೇಳಿದ್ದು ಇನ್ನೂ ನೆನಪಿದೆ: ಇದು ಅದೇ ಎಂದು ನಾನು ಹೇಳುತ್ತಿಲ್ಲ, ಪಾರಿವಾಳವೂ ಇರಬಹುದು, ಯಾವುದು ಎಂದು ಕೊನೆಗೂ ಗೊತ್ತಾಗದೇ ಇರಬಹುದು.

ಮನೆಗೆ ಬಂದು ಡಬ್ಬಿಯ ಮುಚ್ಚಳ ತೆಗೆದೆ. ಒಳಗಿನ ಬಟ್ಟಲು ಮೊದಲ ಸಲ ನೋಡಿದಂತೆ ಕಂಡಿತು. ಕಪ್ಪುಬೂದು ಬಣ್ಣ ಬಳಿದಿತ್ತು. ತಳದಲ್ಲಿ ಅಲ್ಲಲ್ಲಿ ಬಣ್ಣ ಎದ್ದು, ಕೆಳಗೆ ಬೆಳ್ಳಗೆ ಏನೋ ಕಾಣುತ್ತಿತ್ತು. ಯಜಮಾನರ ಬಿಳಿ ಕರವಸ್ತ್ರ ತಂದು ಒರೆಸಿದೆ. ಬಟ್ಟೆಗೆ ಕಾಡಿಗೆಯ ಹಾಗೆ ಹತ್ತಿತು. ಇಷ್ಟು ದಿನ ಟವೆಲ್ ಹೊದ್ದು ಇದನ್ನೇ ಒಳಗೆ ಎಳೆದುಕೊಂಡೆನೇ?

"ಪ್ರಕಾಶನಿಗೆ ಫೋನ್ ಮಾಡು" ಎಂದಳು ವೀಣಾ. "ನಮ್ಮ ಪ್ರಕಾಶಣ್ಣ ತಾನೆ, ಹೇಳ್ತಾರೆ."

ಮಾಡಿದೆ. ಕಾಯಿಲೆ ವಿಷಯ ಕೇಳಿ ನಿಜಕ್ಕೂ ಗಾಬರಿಯಾದ. "ಏನಕ್ಕಾ, ನಂಗೆ ಯಾರೂ ಹೇಳಲೇ ಇಲ್ಲ. ದುಡ್ಡು ಕಾಸು ಏನಾದ್ರೂ ಬೇಕಾ?"

"ಅದೆಲ್ಲ ಬೇಡಪ್ಪ. ಆ ವೇಪರೈಸರ್ ಒಳಗಿನ ಬಟ್ಟಲು ಯಾವುದರದ್ದು? ಡಾಕ್ಟರ್ ಕೇಳ್ತಿದಾರೆ."

"ಫುಡ್ ಗ್ರೇಡ್ ಅಕ್ಕ."

"ಸರಿ, ಫುಡ್ ಗ್ರೇಡ್ ಏನು? ಸ್ಟೀಲಾ, ಅಲ್ಯುಮಿನಿಯಮ್ಮಾ? ಮೇಲೆ ಬಳಿದಿರೋದು?"

"ಅದು ಕೋಟಿಂಗ್ ಅಕ್ಕ, ಫುಡ್ ಗ್ರೇಡ್ ಕೋಟಿಂಗು. ಇಂಡಿಯಾದಿಂದ ಬರುತ್ತೆ, ರಾಜಕೋಟ್ ಮಾಲು. ನೀವು ರೆಸ್ಟ್ ತಗೊಳ್ಳಿ."

ಇದು ಉತ್ತರವಲ್ಲ ಎಂದು ಫೋನ್ ಇಟ್ಟ ಮೇಲೆ ಹೊಳೆಯಿತು. ಉತ್ತರದಷ್ಟೇ ಉದ್ದ ಇತ್ತು, ಅಷ್ಟೆ. ನಾಲ್ಕು ದಿನ ಬಿಟ್ಟು ವೀಣಾ ಕೇಳಿದಾಗ, ಬಟ್ಟಲು ಚೀನಾದಿಂದ ಬರುತ್ತದೆ, ದೊಡ್ಡ ಫ್ಯಾಕ್ಟರಿ, ಯೂರೋಪಿಗೂ ಅವರೇ ಸಪ್ಲೈ ಎಂದನಂತೆ. ಗಣೇಶನ ಹಬ್ಬದ ಊಟದಲ್ಲಿ ನಮ್ಮ ಬಿಲ್ಡಿಂಗಿನ ಶೈಲಜಾ ತಮಾಷೆಗೆ ಕೇಳಿದ್ದಕ್ಕೆ, ಅದೆಲ್ಲ ಇಲ್ಲೇ ನೈರೋಬಿಯಲ್ಲೇ ಪ್ರೆಸ್ ಮಾಡಿಸೋದು, ಹಂಡ್ರೆಡ್ ಪರ್ಸೆಂಟ್ ಲೋಕಲ್ ಎಂದು ಎದೆ ತಟ್ಟಿಕೊಂಡನಂತೆ. ಒಂದೇ ಬಟ್ಟಲಿಗೆ ಮೂರು ಹುಟ್ಟೂರು.

ಆ ಹೊತ್ತಿಗೆ ನಾನು ಸ್ಟೆರಾಯ್ಡ್ ಮಾತ್ರೆ ಶುರುಮಾಡಿದ್ದೆ. ಮುಖ ಪೂರಿಯ ಹಾಗೆ ಊದಿತು. ನಿದ್ದೆ ಹಾರಿಹೋಯಿತು. ತಲೆ ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ. ವೀಣಾ ಬಾಲ್ಕನಿಗೆ ಹೋಗಿ ಮೆಲ್ಲಗೆ ಫೋನಿನಲ್ಲಿ ಮಾತಾಡಿದರೆ ನನ್ನ ಬಗ್ಗೆಯೇ ಎನಿಸುತ್ತಿತ್ತು. ಕೆಲಸದ ರೋಸ್ ನೀರಿನ ಲೋಟ ತಂದುಕೊಟ್ಟರೆ ಲೋಟದ ತಳ ನೋಡುತ್ತಿದ್ದೆ. ಫ್ರಿಜ್ಜಿನ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಮೂಸಿ ಮೂಸಿ ಎಸೆದೆ. ಊದುಬತ್ತಿಯ ಪ್ಯಾಕೆಟ್ಟಿನ ಮೇಲಿನ ದೇವರ ಚಿತ್ರದ ಮೇಲೂ ನಂಬಿಕೆ ಉಳಿಯಲಿಲ್ಲ. ಒಂದು ದಿನ ವೀಣಾ ನನ್ನ ಎದುರಿಗೆ ಕೂತು, ತುಂಬ ಸಮಾಧಾನದ ದನಿಯಲ್ಲಿ, "ಅಮ್ಮ, ಈ ಮಾತ್ರೆ ತಗೊಂಡ್ರೆ ಪ್ಯಾರನಾಯ್ಡ್ ಆಗ್ತಾರಂತೆ. ಡಾಕ್ಟರೇ ಹೇಳಿದ್ರು. ನೀನು ತಪ್ಪು ತಿಳ್ಕೋಬೇಡ" ಎಂದಳು.

ಅದಕ್ಕಿಂತ ಕೆಟ್ಟ ಗಳಿಗೆ ನನ್ನ ಕಾಯಿಲೆಯಲ್ಲಿ ಬರಲಿಲ್ಲ. ಮಗಳು ಹೇಳಿದ್ದು ನಿಜವಿರಬಹುದಲ್ಲ. ಅನುಮಾನ ನನ್ನದೋ ಮಾತ್ರೆಯದೋ ಎಂದು ಹೇಗೆ ತಿಳಿಯುವುದು? ಕಾನ್ವೆಂಟಿನಲ್ಲಿ ಸಿಸ್ಟರ್ ಬರ್ನಡೆಟ್ ಎಂಬ ಐರಿಷ್ ನನ್ ಇದ್ದರು. ಪೆನ್ಸಿಲ್ ಕಳೆದುಹೋಗಿದೆ ಎಂದು ಯಾರಾದರೂ ಪಕ್ಕದವಳ ಕಡೆ ಬೆರಳು ತೋರಿಸಿದರೆ, "ಎನ್‌ಕ್ವಯರ್, ಚೈಲ್ಡ್. ಡೋಂಟ್ ಅಕ್ಯೂಸ್" ಎನ್ನುತ್ತಿದ್ದರು. ನಾನು ಯಾರನ್ನೂ ದೂರುತ್ತಿಲ್ಲ, ವಿಚಾರಿಸುತ್ತಿದ್ದೇನೆ ಅಷ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ತಾರಾ ತನ್ನ ಹೋಮ್‌ವರ್ಕಿನಿಂದ ತಲೆಯೆತ್ತದೆ, "ಅಜ್ಜಿ, ಇಟ್ಸ್ ಅ ನಾರ್ಮಲ್ ಕ್ವೆಶ್ಚನ್. ವೈ ಈಸ್ ಎವ್ರಿಬಡಿ ಬೀಯಿಂಗ್ ಸೋ ವಿಯರ್ಡ್?" ಎಂದಳು. ಆ ಹುಡುಗಿಗೆ ಅವತ್ತು ನಾನೇ ಉಪ್ಪಿಟ್ಟು ಮಾಡಿಕೊಟ್ಟೆ, ನಡುನಡುವೆ ಕೂತು ಉಸಿರು ತೆಗೆದುಕೊಳ್ಳುತ್ತಾ.

ಪ್ರಕಾಶನಿಗೆ ಮತ್ತೆ ಫೋನ್ ಮಾಡಿದೆ. ಬಣ್ಣ ಎದ್ದಿದೆ, ಕರವಸ್ತ್ರಕ್ಕೆ ಕಪ್ಪು ಹತ್ತುತ್ತದೆ ಎಂದೆ.

"ಅಕ್ಕ, ಅದನ್ನ ಏನು ಹಾಕಿ ತೊಳೀತೀರ?"

ನಮ್ಮ ಬಿಲ್ಡಿಂಗಿಗೆ ಬೋರ್‌ವೆಲ್ ನೀರು. ನಾಲ್ಕು ಸಲ ಕಾಯಿಸಿದರೆ ಬಟ್ಟಲಿನ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ಅದನ್ನು ತೆಗೆಯಲು ನಾನು ದೇವರ ಹಿತ್ತಾಳೆ ಪಾತ್ರೆ ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದೆ. ಹಾಗಂತ ಹೇಳಿದೆ.

"ಅಯ್ಯೋ ಅಕ್ಕ," ಎಂದ. ಅವನ ದನಿ ಎಷ್ಟು ಹಗುರಾಯಿತೆಂದರೆ ನನಗೇ ಕೇಳಿಸಿತು. "ಹುಣಸೆಹಣ್ಣು ಹಾಕಿದ್ರೆ ಯಾವ ಕೋಟಿಂಗ್ ತಡ್ಕೊಳುತ್ತೆ? ಆಸಿಡ್ ಅಲ್ವಾ ಅದು? ಏನ್ ಅಕ್ಕ ನೀವು, ಕಾನ್ವೆಂಟಲ್ಲಿ ಓದಿದವರು."

ವಾರದೊಳಗೆ ಈ ಕಥೆ ಪಾರ್ಕ್‌ಲ್ಯಾಂಡ್ಸ್‌ನಿಂದ ಸೌತ್ ಬಿವರೆಗೆ ಮುಟ್ಟಿತು. ಕನ್ನಡ ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ಯಾರೋ ಪುಳಿಯೋಗರೆಯ ಚಿತ್ರ ಹಾಕಿ "ಸ್ಟೀಮ್ ಸ್ಪೆಷಲ್" ಎಂದು ಬರೆದರು. ಶೈಲಜಾ ಮೆಟ್ಟಿಲಲ್ಲಿ ಸಿಕ್ಕಿ, "ಲೀಲಾ ಆಂಟಿ, ನಾವೂ ಹುಣಸೆಹಣ್ಣೇ ಹಾಕೋದು, ಯಾರಿಗೂ ಹೇಳ್ಬೇಡಿ" ಎಂದು ಕಿವಿಯಲ್ಲಿ ಹೇಳಿ ನಕ್ಕಳು. ನಾನೂ ನಕ್ಕೆ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನಗು ನಿಂತಿತು. ನಗರದ ಪ್ರತಿ ಕನ್ನಡದ ಮನೆಯಲ್ಲೂ ಆ ಡಬ್ಬಿ ಇದೆ. ಪ್ರತಿ ಮನೆಯಲ್ಲೂ ಬೋರ್‌ವೆಲ್ ನೀರು, ಪ್ರತಿ ಮನೆಯಲ್ಲೂ ಹುಣಸೆಹಣ್ಣು. ನಾವು ಹೀಗೆಯೇ ತೊಳೆಯುತ್ತೇವೆ ಎಂದು ಯಾರಿಗೆ ಗೊತ್ತಿಲ್ಲದಿದ್ದರೂ ತುಮಕೂರಿನಲ್ಲಿ ಹುಟ್ಟಿದ ಪ್ರಕಾಶನಿಗೆ ಗೊತ್ತಿರಬೇಕಲ್ಲ. ಅವನ ಸೌತ್ ಬಿ ರೂಮಿನ ಒಂದೇ ಒಂದು ಹಿತ್ತಾಳೆ ಚೊಂಬನ್ನು ಹುಣಸೆಹಣ್ಣಿನಲ್ಲಿ ಬೆಳಗುವುದು ಹೇಗೆಂದು ತೋರಿಸಿಕೊಟ್ಟವಳೇ ನಾನು.

ಅದಾದ ಮೇಲೆ ಒಂದು ಭಾನುವಾರ ಅವನೇ ಬಂದ. ಒಂದು ಕೈಯಲ್ಲಿ ಮಿಠಾಯಿ ಡಬ್ಬ, ಇನ್ನೊಂದರಲ್ಲಿ ಹೊಸ ವೇಪರೈಸರ್. ನನ್ನ ಊದಿದ ಮುಖ ನೋಡಿ ಅವನ ಕಣ್ಣು ಒಂದು ಕ್ಷಣ ಬೇರೆ ಕಡೆ ಹೋಯಿತು. ಅಷ್ಟು ಹೊತ್ತು ನನಗೂ ಅವನ ಮೇಲೆ ಹಳೆಯ ಅಕ್ಕರೆ ಬಂತು.

"ನ್ಯೂ ಮಾಡೆಲ್ ಅಕ್ಕ. ಹಳೇದು ಕೊಡಿ, ನಾನು ತಗೊಂಡು ಹೋಗ್ತೀನಿ."

ನಾನು ಹೊಸದರ ಮುಚ್ಚಳ ತೆಗೆದೆ. ಒಳಗೆ ಬಣ್ಣವಿಲ್ಲ, ಲೇಪವಿಲ್ಲ. ಬರಿಯ ಹೊಳೆಯುವ ಸ್ಟೀಲು. ಕರವಸ್ತ್ರ ತಂದು ಅವನ ಎದುರಿಗೇ ಒರೆಸಿದೆ. ಬೆಳ್ಳಗೇ ಬಂತು.

"ಕೋಟಿಂಗ್ ಯಾಕೆ ತೆಗೆದೆ ಪ್ರಕಾಶ?"

"ಹಾಗೇನಿಲ್ಲ, ಡಿಸೈನ್ ಚೇಂಜ್ ಅಷ್ಟೆ."

"ಹಳೇದು ಚೆನ್ನಾಗಿದ್ರೆ ಯಾಕೆ ಬದಲಾಯಿಸಿದೆ?"

"ಅಕ್ಕ, ಬಿಸಿನೆಸ್ಸಲ್ಲಿ ಮಾಡ್ತಾ ಇರ್ತೀವಿ."

ವೀಣಾ ಕಾಫಿ ತಂದಿಟ್ಟು ನನ್ನ ಕಡೆ ಸಾಕು ಎಂಬಂತೆ ನೋಡಿದಳು. ನಾನು ಇನ್ನೊಂದೇ ಕೇಳಿದೆ. "ಎಲ್ಲರಿಗೂ ಬದಲಾಯಿಸಿ ಕೊಡ್ತಿದೀಯಾ?"

ಅವನು ಕಾಫಿ ಲೋಟ ಕೈಗೆತ್ತಿಕೊಂಡ. "ಕೇಳಿದವರಿಗೆ ಕೊಡ್ತೀನಿ. ನೀವು ಕೇಳಿದ್ರಿ. ಇದೆಲ್ಲ ಸಂಘದಲ್ಲಿ ಹೇಳೋದು ಬೇಡ ಅಕ್ಕ, ಜನ ಸುಮ್ನೆ ಏನೇನೋ ಮಾತಾಡ್ತಾರೆ. ಸರ್ ಹೆಸರಿಗೂ ಚೆನ್ನಾಗಿರಲ್ಲ, ಅವರ ಶಿಷ್ಯ ಅಂತ ತಾನೆ ನನ್ನನ್ನ ಎಲ್ಲರೂ ಕರೆಯೋದು."

ಕೇಳದವರಲ್ಲಿ ಒಬ್ಬರು ಕಮಲಮ್ಮ. ಸೌತ್ ಬಿಯಲ್ಲಿ ಇರುವ ನನ್ನ ಗೆಳತಿ, ನನಗಿಂತ ಹಿರಿಯರು. ಮೊದಲೇ ಎದೆ ಸೋತವರು, ಹಾಸಿಗೆ ಹಿಡಿದು ದಿನಕ್ಕೆ ಮೂರು ಸಲ ಹಬೆ ತೆಗೆದುಕೊಳ್ಳುವವರು. "ನಿಮ್ಮ ಪ್ರಕಾಶನ ಡಬ್ಬಿಯಿಂದಲೇ ನಾನು ಉಸಿರಾಡ್ತಿರೋದು ಕಣೇ" ಎಂದು ನನಗೆ ಹೇಳುತ್ತಿದ್ದವರು. ಪ್ರಕಾಶ ಕೂತಿದ್ದ ಹಾಗೇ ಅವರ ಮುಖ ಕಣ್ಣಿಗೆ ಬಂತು.

"ಹಳೇದು ಕೊಡಲ್ಲ" ಎಂದೆ.

"ಅದು ನಿಮಗೆ ಯಾಕೆ ಅಕ್ಕ, ಕೆಟ್ಟುಹೋಗಿರೋದು?"

"ಕೆಟ್ಟುಹೋಗಿರೋದು ನಿಂಗ್ಯಾಕೆ?"

ಅವನು ನಗಲು ನೋಡಿದ. ಆಗಲಿಲ್ಲ. ಹೊಸದನ್ನು ಟೇಬಲ್ಲಿನ ಮೇಲೇ ಬಿಟ್ಟು ಹೋದ. ವೀಣಾ ಬಾಗಿಲು ಹಾಕಿಕೊಂಡು ಬಂದವಳು ನನ್ನನ್ನು ಬಯ್ಯುತ್ತಾಳೆ ಎಂದುಕೊಂಡೆ. ಅವಳು ಹೊಸ ಬಟ್ಟಲನ್ನೂ ಹಳೆಯ ಬಟ್ಟಲನ್ನೂ ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನಿಂತಳು. "ಅಮ್ಮ, ನಿನ್ನ ಅನುಮಾನ ಮಾತ್ರೆದಲ್ಲ" ಎಂದಳು. ನನ್ನ ಕಾಯಿಲೆಯ ಅಷ್ಟು ತಿಂಗಳಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಉಪಕಾರ ಆ ಮಾತು.

ಕಮಲಮ್ಮನವರಿಗೆ ಫೋನ್ ಮಾಡಿದೆ. ಒಪ್ಪಲಿಲ್ಲ. "ನಿಂಗೆ ಆಗಲಿಲ್ಲ ಅಂತ ನಂಗೂ ಆಗಬಾರದಾ? ಪಾಪ, ಅವನು ಎಷ್ಟು ಪ್ರೀತಿಯಿಂದ ಕೊಟ್ಟಿದ್ದು" ಎಂದರು. ನಾನು ಊದಿದ ಮುಖ ಹೊತ್ತುಕೊಂಡು ಟ್ಯಾಕ್ಸಿಯಲ್ಲಿ ಸೌತ್ ಬಿಗೆ ಹೋದೆ. ಅವರ ಡಬ್ಬಿ ತೆಗೆದು, ಅವರದೇ ಬಿಳಿ ದಿಂಬಿನ ಚೀಲದಲ್ಲಿ ಒರೆಸಿ ತೋರಿಸಿದೆ. ಅವರು ಆ ಕಲೆಯನ್ನು ನೋಡಿ, ನನ್ನನ್ನು ನೋಡಿ, "ದಿಂಬಿನ ಚೀಲ ಹಾಳು ಮಾಡಿದೆಯಲ್ಲೇ" ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು ಅತ್ತರು. ಅವರ ಸೊಸೆ ಸ್ಟವ್ ಮೇಲೆ ಪಾತ್ರೆಯಲ್ಲಿ ನೀರಿಟ್ಟಳು.

ಉಳಿದವರಿಗೆ ಒಬ್ಬೊಬ್ಬರಾಗಿ ಹೇಳಿದೆ. ಪ್ರಕಾಶ ಮೋಸ ಮಾಡಿದ ಎಂದು ಎಲ್ಲೂ ಹೇಳಲಿಲ್ಲ. ನನಗೆ ಹೀಗಾಯಿತು, ಇದರಿಂದಲೇ ಎಂದು ಡಾಕ್ಟರ್ ಹೇಳಿಲ್ಲ, ಬಟ್ಟಲು ಯಾವುದರದ್ದು ಎಂದು ಕೇಳಿದೆ, ಉತ್ತರ ಸಿಗಲಿಲ್ಲ, ನೀವೂ ಒಮ್ಮೆ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಇಷ್ಟೇ. ಕೆಲವರು ಥ್ಯಾಂಕ್ಸ್ ಎಂದರು. ಕೆಲವರು, ಇಷ್ಟು ವರ್ಷ ಉಂಡ ಮನೆಯ ಹುಡುಗನಿಗೆ ಹೀಗೆ ಮಾಡಬಹುದೇ ಎಂದರು. ಉಂಡದ್ದು ಅವನು, ಮನೆ ನನ್ನದು ಎಂದು ಹೇಳಬೇಕೆನಿಸಿತ್ತು, ಬಿಟ್ಟೆ. ನವರಾತ್ರಿಯ ಬೊಂಬೆ ನೋಡಲು ಸುಮಾ ಕರೆಯಲಿಲ್ಲ. ಸಂಘದ ಊಟದಲ್ಲಿ ನನ್ನ ಪಕ್ಕದ ಕುರ್ಚಿಗಳು ಖಾಲಿ ಉಳಿಯತೊಡಗಿದವು, ಆ ಚೆಸ್ಟ್ ಕ್ಲಿನಿಕ್ಕಿನಲ್ಲಿ ಆಗುತ್ತಿತ್ತಲ್ಲ ಹಾಗೆ.

ಕೆಮ್ಮು ನಿಧಾನಕ್ಕೆ ಇಳಿಯಿತು. ಮಾತ್ರೆಯಿಂದಲೋ, ಪಾರಿವಾಳಕ್ಕೆ ಬಲೆ ಕಟ್ಟಿಸಿದ್ದರಿಂದಲೋ, ಬೂಷ್ಟು ಕೆರೆಸಿ ಸುಣ್ಣ ಬಳಿಸಿದ್ದರಿಂದಲೋ, ಹಬೆ ನಿಲ್ಲಿಸಿದ್ದರಿಂದಲೋ, ಹೇಳುವವರು ಯಾರೂ ಇಲ್ಲ. ಎಲ್ಲವನ್ನೂ ಒಟ್ಟಿಗೆ ಮಾಡಿದೆವು. ಬಲ ಶ್ವಾಸಕೋಶದ ತಳದ ಒಂದು ತುಂಡು ಒಣಗಿಯೇ ಉಳಿದಿದೆ, ಅದು ಇನ್ನು ಹಾಗೇ ಎಂದು ಡಾಕ್ಟರ್ ವಾಂಜಿರು ಹೇಳಿದಳು. ಉಳಿದದ್ದರಿಂದ ನಡೆಯುತ್ತೇನೆ, ಮಾತಾಡುತ್ತೇನೆ, ಬೇಕಾದರೆ ಜಗಳವನ್ನೂ ಆಡುತ್ತೇನೆ. ಪ್ರಕಾಶ ಬಿಟ್ಟುಹೋದ ಹೊಸ ಡಬ್ಬಿಯನ್ನು ನಾನು ಬಳಸಲಿಲ್ಲ. ಸ್ಟೀಲೇ ಇರಬಹುದು, ಒಳ್ಳೆಯದೇ ಇರಬಹುದು. ಆದರೆ ಅದನ್ನು ನೋಡಿದಾಗಲೆಲ್ಲ, ಹಾಗಾದರೆ ಮೊದಲನೆಯದು ಏನಾಗಿತ್ತು ಎಂದೇ ಮನಸ್ಸು ಕೇಳುತ್ತದೆ.

ಯಜಮಾನರ ತಿಥಿ ಬಂತು. ಮೈಸೂರಿನ ಪುರೋಹಿತರು ಲ್ಯಾಪ್‌ಟಾಪಿನಲ್ಲಿ ಕೂತು ಮಂತ್ರ ಹೇಳುತ್ತಾರೆ, ಅಳಿಯ ಮಾಡುತ್ತಾನೆ. ನಡುವೆ ನೆಟ್ ಹೋದರೆ ಇಬ್ಬರೂ ಪಿಂಡದ ಮುಂದೆ ಸ್ಥಿರಚಿತ್ರ. ಪ್ರತಿ ವರ್ಷ ಬಾಳೆಲೆ ತರುವುದು ಪ್ರಕಾಶನ ಕೆಲಸವಾಗಿತ್ತು. ಈ ಸಲ ಅವನು ಬರುವುದಿಲ್ಲ ಎಂದು ಸ್ಟೀಲ್ ತಟ್ಟೆ ತೊಳೆದಿಟ್ಟಿದ್ದೆವು. ಹನ್ನೊಂದರ ಸುಮಾರಿಗೆ ಬೆಲ್ ಆಯಿತು. ಎಲೆಯ ಕಟ್ಟು ಹಿಡಿದು ನಿಂತಿದ್ದ. ತಲೆಗೆ ಬಣ್ಣ ಹಚ್ಚುವುದು ನಿಲ್ಲಿಸಿದ್ದ, ಪೂರಾ ಬೆಳ್ಳಗಾಗಿತ್ತು.

ವೀಣಾ ನನ್ನ ಮುಖ ನೋಡಿದಳು. ತಿಥಿಯ ಊಟಕ್ಕೆ ಬಂದವರನ್ನು ಬಾಗಿಲಿನಿಂದ ಕಳಿಸುವವರು ನಾವಲ್ಲ. "ಒಳಗೆ ಬಾ" ಎಂದೆ.

ಎಲ್ಲರ ಊಟ ಮುಗಿದು, ಅವನೊಬ್ಬನೇ ಡೈನಿಂಗ್ ಟೇಬಲ್ಲಿನಲ್ಲಿ ಉಳಿದಿದ್ದ. ಉಳಿದವರು ಹಾಲಿನಲ್ಲಿದ್ದರು. ನಾನು ಮಜ್ಜಿಗೆ ತಂದವಳು ಎದುರಿನ ಕುರ್ಚಿಯಲ್ಲಿ ಕೂತೆ.

"ಬಯ್ಯೋದಕ್ಕೆ ಕೇಳ್ತಿಲ್ಲ ಪ್ರಕಾಶ. ಆ ಬಟ್ಟಲಿಗೆ ಬಳಿದಿದ್ದು ಏನು?"

ಅವನು ಅನ್ನ ಕಲಸುತ್ತಲೇ ಇದ್ದ. "ಗೊತ್ತಿಲ್ಲ ಅಕ್ಕ."

"ಮುಚ್ಚಿಡಬೇಡ."

"ಮುಚ್ಚಿಡ್ತಿಲ್ಲ. ನಿಜವಾಗ್ಲೂ ಗೊತ್ತಿಲ್ಲ. ಏಜೆಂಟ್ ಸ್ಯಾಂಪಲ್ ತಂದ, ನೋಡೋಕೆ ಚೆನ್ನಾಗಿತ್ತು, ಆರ್ಡರ್ ಹಾಕ್ದೆ. ಏನು ಅಂತ ಕೇಳಲೇ ಇಲ್ಲ. ನೀವು ಫೋನ್ ಮಾಡಿದ್ಮೇಲೆ ಕೇಳ್ದೆ. ಅವನು ಒಂದೊಂದ್ ಸಲ ಒಂದೊಂದ್ ಹೇಳ್ದ. ನಾನೂ ಅದನ್ನೇ ಹೇಳ್ತಾ ಬಂದೆ."

"ಹಾಗಂತ ಅವತ್ತೇ ಹೇಳಬಹುದಿತ್ತಲ್ಲ."

"ಸರ್ ಮನೆಗೆ ಫೋನ್ ಮಾಡಿ, ನಾನು ಕೇಳಲಿಲ್ಲ ಅಂತ ಹೇಳೋದಾ?" ಹಾಲಿನಲ್ಲಿ ಯಾರೋ ಟಿವಿ ಸದ್ದು ಕಡಿಮೆ ಮಾಡಿದರು.

"ಅಂಗಡಿಗಳಿಗೆ ಕೊಟ್ಟಿದ್ದು?"

"ಮಾರಾಟ ಆಗಿಹೋಯ್ತು. ಯಾರ ಮನೇಲಿದೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

ಅಷ್ಟು ತಿಂಗಳೂ ನಾನು, ಇವನಿಗೆ ಗೊತ್ತಿದೆ, ಮುಚ್ಚಿಡುತ್ತಿದ್ದಾನೆ ಎಂದು ಅನುಮಾನಿಸಿದ್ದೆ. ಅನುಮಾನ ಅಷ್ಟರಮಟ್ಟಿಗೆ ತಪ್ಪಾಗಿತ್ತು. ಅದರಿಂದ ಸಮಾಧಾನವೇನೂ ಆಗಲಿಲ್ಲ. ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡಿದ್ದಾಗ ಎಲ್ಲೋ ಒಂದು ಕಡೆ ಉತ್ತರ ಇದೆ ಎಂಬ ಧೈರ್ಯವಾದರೂ ಇತ್ತು. ನನ್ನೊಳಗೆ ಒಣಗಿ ಕೂತಿರುವುದು ಏನೆಂದು ಈ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ ಎಂದು ಅವತ್ತು ತಿಳಿಯಿತು.

ಮಜ್ಜಿಗೆ ಬಡಿಸಿದೆ. ಅವನು ಪೂರ್ತಿ ಊಟ ಮಾಡಿ, ಎಲೆ ಮಡಿಚಿ, ಕೈ ತೊಳೆದುಕೊಂಡ. ಯಜಮಾನರ ಫೋಟೋದ ಮುಂದೆ ನಿಂತು ಕೈ ಮುಗಿಯಲು ಹೋದವನು ಅರ್ಧಕ್ಕೇ ಕೈ ಇಳಿಸಿದ. ಬಾಗಿಲಲ್ಲಿ ಶೂ ಹಾಕಿಕೊಳ್ಳುವಾಗ ಬಗ್ಗಿದವನು ಏಳಲು ಗೋಡೆ ಹಿಡಿದ. ನನಗೆ ಏನಾದರೂ ಹೇಳಬೇಕೆನಿಸಿತು. ರೋಸ್ ಆಗಷ್ಟೇ ಮೆಟ್ಟಿಲು ಒರೆಸಿದ್ದಳು. "ಒದ್ದೆ ಇದೆ, ನೋಡ್ಕೊಂಡು ಇಳಿ" ಎಂದೆ.

ಬಾಲ್ಕನಿಯಿಂದ ನೋಡಿದೆ. ಕಾರಿನಲ್ಲಿ ಕೂತವನು ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಲೇ ಇಲ್ಲ. ವಾಚ್‌ಮನ್ ಗೇಟು ತೆರೆದು ಕಾಯುತ್ತಾ ನಿಂತಿದ್ದ. ಆಮೇಲೆ ಕಾರು ನಿಧಾನಕ್ಕೆ ಹೊರಗೆ ಹೋಯಿತು, ರಸ್ತೆಯಲ್ಲಿ ಒಂದು ಮಟಾಟುವಿಗೆ ದಾರಿ ಬಿಟ್ಟಿತು, ಬಲಕ್ಕೆ ತಿರುಗಿತು. ಅವನನ್ನು ನಾನು ನೋಡಿದ್ದು ಅದೇ ಕೊನೆ.